ವಿಯೆನ್ನಾದ ಹೋಟೆಲಿಗೆ ಬರೆದ ರಜೆ ಅರ್ಜಿಗಳು

ಬರ್ ದುಬೈಯಲ್ಲಿ ಬಟ್ಟೆ ಅಂಗಡಿಗಳ ಸಾಲು ಮುಗಿದು ರಸ್ತೆ ಅಬ್ರಾ ದೋಣಿಗಳ ಕಡವಿನ ಕಡೆಗೆ ತಿರುಗುತ್ತದಲ್ಲ, ಆ ತಿರುವಿನಲ್ಲಿ ಒಂದು ಟ್ರಾವೆಲ್ ಏಜೆನ್ಸಿ ಇತ್ತು. ಅದರ ಮೂರನೆಯ ಮೇಜು ಮೊಯ್ದಿನಬ್ಬನದು. ಉಡುಪಿ ಕಡೆಯ ಮೂಳೂರಿನವನು. ಇಪ್ಪತ್ತೆರಡನೆಯ ವಯಸ್ಸಿಗೆ ಅಬುಧಾಬಿಗೆ ಬಂದು, ಅಲ್ ಮೀನಾದ ತರಕಾರಿ ಮಾರುಕಟ್ಟೆಯಲ್ಲಿ ಟೊಮೆಟೊ ಪೆಟ್ಟಿಗೆ ಹೊತ್ತು, ಬೆನ್ನು ಹಿಡಿದುಕೊಂಡಾಗ ಟೈಪಿಂಗ್ ಕಲಿತು, ಕೊನೆಗೆ ಈ ಮೇಜಿಗೆ ಬಂದು ಕೂತವನು ಮತ್ತೆ ಏಳಲಿಲ್ಲ. ಎರಡೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದ. ಆದರೆ ಆ ಎರಡು ಬೆರಳಿನ ವೇಗಕ್ಕೆ ಪಕ್ಕದ ಮೇಜಿನವರ ಹತ್ತು ಬೆರಳು ಸಾಟಿಯಾಗುತ್ತಿರಲಿಲ್ಲ.

ಅವನ ಕೆಲಸ ಯುರೋಪಿನ ವೀಸಾಕ್ಕೆ ಕಾಗದ ಹೊಂದಿಸಿ ಕೊಡುವುದು. ಕಂಪನಿಯ ಪತ್ರ, ಬ್ಯಾಂಕಿನ ಕಾಗದ, ಇನ್ಶೂರೆನ್ಸು, ಟಿಕೆಟು. ಇವೆಲ್ಲ ಇದ್ದರೂ ಸಾಲದು, ಅಲ್ಲಿ ಹೋಗಿ ಮಲಗುವುದೆಲ್ಲಿ ಎಂದು ಕೇಳುತ್ತಾರೆ. ಅದಕ್ಕೊಂದು ಹೋಟೆಲಿನ ಬುಕಿಂಗ್ ಬೇಕು. ಆದರೆ ವೀಸಾ ಸಿಗುತ್ತದೋ ಇಲ್ಲವೋ ಎಂದು ಗೊತ್ತಾಗುವ ಮೊದಲೇ ಹೋಟೆಲಿಗೆ ದುಡ್ಡು ಕಟ್ಟುವ ಪೆದ್ದ ಯಾರಿದ್ದಾನೆ? ಹಾಗಾಗಿ ಪುಕ್ಕಟೆಯಾಗಿ ರದ್ದು ಮಾಡಬಹುದಾದ ಕೋಣೆಯೊಂದನ್ನು ಕಾದಿರಿಸುವುದು, ಅದರ ಕಾಗದ ಅರ್ಜಿಗೆ ಲಗತ್ತಿಸುವುದು, ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿ ಬಂದ ದಿನವೇ ಕೋಣೆಯನ್ನು ರದ್ದು ಮಾಡುವುದು. ಆಮೇಲೆ ಗಿರಾಕಿ ಅಲ್ಲಿ ಭಾವನ ಮನೆಯಲ್ಲಾದರೂ ಮಲಗಲಿ, ರೈಲ್ವೆ ಸ್ಟೇಷನ್ನಿನಲ್ಲಾದರೂ ಮಲಗಲಿ. ಇದು ಆ ರಸ್ತೆಯ ಎಲ್ಲ ಏಜೆನ್ಸಿಗಳ ಪದ್ಧತಿ. ಮೊಯ್ದಿನಬ್ಬ ಅದನ್ನು ಶುರು ಮಾಡಿದವನೂ ಅಲ್ಲ, ಅದರ ಬಗ್ಗೆ ಎರಡು ಸಲ ಯೋಚಿಸಿದವನೂ ಅಲ್ಲ.

ಆಸ್ಟ್ರಿಯಾದ ವೀಸಾಕ್ಕೆ ಅವನು ಹಿಡಿದದ್ದು ಒಂದೇ ಹೋಟೆಲು. ವಿಯೆನ್ನಾದ ಹೋಟೆಲ್ ರೋಸಾಲಿಯಾ. ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಹನ್ನೊಂದು ಕೋಣೆ, ದರ ಕಡಿಮೆ. ಅದರ ಬುಕಿಂಗ್ ಕಾಗದ ಮದುವೆ ಕರೆಯೋಲೆಯಷ್ಟು ಚೊಕ್ಕ. ಕಾನ್ಸುಲೇಟಿನವರು ಫೋನು ಮಾಡಿ ವಿಚಾರಿಸಿದರೆ ಒಬ್ಬ ಹೆಂಗಸು ಕೂಡಲೇ ಎತ್ತಿ, ಹೌದು, ಈ ಹೆಸರಿನವರಿಗೆ ಕೋಣೆ ಇಟ್ಟಿದ್ದೇನೆ ಎನ್ನುತ್ತಿದ್ದಳು. ಅಂಥ ಹೋಟೆಲು ಸಿಕ್ಕಿದರೆ ಯಾರು ಬಿಡುತ್ತಾರೆ? ಆರು ವರ್ಷಗಳಲ್ಲಿ ಮೊಯ್ದಿನಬ್ಬನ ಎರಡು ಬೆರಳಿನಿಂದ ಮಂಗಳೂರು, ಉಡುಪಿ, ಕಾಸರಗೋಡಿನ ಅರ್ಧ ಊರು ಅಲ್ಲಿ ತಂಗಿತ್ತು, ಕಾಗದದ ಮೇಲೆ. ನಿಜವಾಗಿ ಅದರ ಬಾಗಿಲು ತಟ್ಟಿದವರು ಒಬ್ಬರೂ ಇಲ್ಲ.

ಆದರೂ ಆ ಹೋಟೆಲು ಅವನಿಗೆ ಅಂಗೈಯಷ್ಟು ಪರಿಚಿತ. ಬೇರೆ ಊರುಗಳಿಂದ ಹೋಗಿ ಅಲ್ಲಿ ತಂಗಿದವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನೆಲ್ಲ ಓದಿದ್ದ. ಆರನೆಯ ಕೋಣೆಗೆ ಅಂಗಳದ ಕಡೆಯ ಕಿಟಕಿ, ಗದ್ದಲವಿಲ್ಲ. ಒಂಬತ್ತರಲ್ಲಿ ನಲ್ಲಿ ಸೋರುತ್ತದೆ. ಲಿಫ್ಟಿನಲ್ಲಿ ಇಬ್ಬರು ಹಿಡಿಸುತ್ತಾರೆ, ಇಲ್ಲವೇ ಒಬ್ಬರು ಮತ್ತು ಒಂದು ಪೆಟ್ಟಿಗೆ. ಅರಮನೆಗೆ 58ನೇ ನಂಬರಿನ ಟ್ರಾಮು. ಗಿರಾಕಿಗಳಿಗೆ ಇದನ್ನೆಲ್ಲ ಎಷ್ಟು ಖಚಿತವಾಗಿ ಹೇಳುತ್ತಿದ್ದನೆಂದರೆ, ಡಿಸ್ಕವರಿ ಗಾರ್ಡನ್ಸಿನ ಧರ್ಮಪಾಲ ಅವನಿಗೆ 'ವಿಯೆನ್ನಾ ಮೊಯ್ದಿನಾಕ' ಎಂದೇ ಹೆಸರಿಟ್ಟಿದ್ದ. ಜಬೆಲ್ ಅಲಿಯ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದ ಈ ಧರ್ಮಪಾಲ, ಮೊಯ್ದಿನಾಕ ವರ್ಷಕ್ಕೆರಡು ಸಲ ಅಲ್ಲಿಗೆ ಹೋಗಿ ಬರುತ್ತಾನೆಂದೇ ನಂಬಿದ್ದ. ಮೊಯ್ದಿನಬ್ಬ ಹೋಗಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಹೋಗಿಲ್ಲವೆಂದೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಕೋಣೆ ರದ್ದು ಮಾಡುವಾಗ ಹೋಟೆಲಿನವರಿಗೆ ಏನಾದರೂ ಬರೆಯುವುದಿದ್ದರೆ ಬರೆಯಿರಿ ಎಂದು ಕಂಪ್ಯೂಟರಿನಲ್ಲೊಂದು ಖಾಲಿ ಚೌಕ ಬರುತ್ತದೆ. ಉಳಿದ ಏಜೆನ್ಸಿಯವರು ಅದನ್ನು ಖಾಲಿ ಬಿಡುತ್ತಿದ್ದರು. ಮೊಯ್ದಿನಬ್ಬನಿಂದ ಅದು ಸಾಧ್ಯವಿರಲಿಲ್ಲ. ಬರುತ್ತೇನೆಂದು ಹೇಳಿ ಬಾರದೆ ಇರುವಾಗ ಒಂದು ಮಾತು ಬರೆಯದೆ ಇರುವುದು ಮರ್ಯಾದೆಯೇ? ಅವನಿಗೆ ಬಾಯಿಪಾಠ ಬರುತ್ತಿದ್ದ ಇಂಗ್ಲಿಷ್ ಪತ್ರ ಒಂದೇ ಒಂದು, ಮೂಳೂರಿನ ಶಾಲೆಯ ಇಂಗ್ಲಿಷ್ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ರಜೆ ಅರ್ಜಿ. ಹೆಸರು, ತಾರೀಕು ಬದಲಾಯಿಸಿ ಅದನ್ನೇ ಹೊಡೆಯುತ್ತಿದ್ದ: 'ಮಾನ್ಯ ಮೇಡಮ್, ನಾನು ಜ್ವರದಿಂದ ಬಳಲುತ್ತಿರುವುದರಿಂದ ಈ ತಿಂಗಳ 14, 15 ಮತ್ತು 16ರಂದು ತಮ್ಮ ಹೋಟೆಲಿಗೆ ಹಾಜರಾಗಲು ಸಾಧ್ಯವಾಗುವುದಿಲ್ಲ. ದಯವಿಟ್ಟು ಮನ್ನಿಸಬೇಕಾಗಿ ಪ್ರಾರ್ಥನೆ. ಇತಿ ತಮ್ಮ ವಿಧೇಯ, ಮೊಯ್ದಿನಬ್ಬ, ದುಬೈ.' ಬಾರದೆ ಇರುವವನು ಗಿರಾಕಿ, ಜ್ವರ ಮೊಯ್ದಿನಬ್ಬನಿಗೆ. ಇನ್ನೊಬ್ಬರ ಮೈಮೇಲೆ ಇಲ್ಲದ ರೋಗ ಹಾಕುವುದು ಪಾಪವೆಂದು ಅವನ ಎಣಿಕೆ. ಆ ಪತ್ರಗಳಿಗೆ ಉತ್ತರವೂ ಬರುತ್ತಿತ್ತು. ರಜೆ ಅರ್ಜಿಗೆ ಬಂದ ಉತ್ತರವನ್ನು ಓದುವವರುಂಟೇ? ಅವನೂ ಓದುತ್ತಿರಲಿಲ್ಲ.

ಇನ್ನು ಅವನ ಹೆಂಡತಿ ಬೀಬಿ. ಅವಳ ಕತೆಯಲ್ಲಿ ಹೋಟೆಲು ಬೇರೆಯೇ ಥರ. ಮದುವೆಯಾಗಿ ಮೂವತ್ತೊಂದು ವರ್ಷ, ದುಬೈಗೆ ಬಂದು ಇಪ್ಪತ್ತೈದು. ಬರ್ ದುಬೈಯ ಅವರ ಒಂದು ಬೆಡ್‌ರೂಮಿನ ಮನೆಯ ಹಾಲಿನಲ್ಲಿ ಯಾರಾದರೊಬ್ಬರು ಹಾಸಿಗೆ ಬಿಡಿಸಿಯೇ ಇರುತ್ತಿದ್ದರು. ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಬಂದ ಅಳಿಯ, ಅಳಿಯನ ಗೆಳೆಯ, ಆ ಗೆಳೆಯನ ಪಕ್ಕದ ಮನೆಯವನು. ಎಲ್ಲರಿಗೂ ಇಂಟರ್‌ವ್ಯೂಗೆ ಹೊರಡುವ ಮೊದಲು ಚಾ, ತಿಂಡಿ. ರಜೆಗೆ ಊರಿಗೆ ಹೋದರೆ ದುಬೈಯವರು ಬಂದರೆಂದು ಮೂಳೂರೆಲ್ಲ ಮನೆಗೆ ಬರುತ್ತಿತ್ತು. ಆಗಲೂ ಒಲೆಯ ಮುಂದೆ ಅವಳೇ. ಹೋಟೆಲಿನಲ್ಲಿ ಒಂದು ದಿನವೂ ತಂಗಿದವಳಲ್ಲ ಅವಳು; ಹೋಟೆಲು ನಡೆಸಿದವಳು, ಅದೂ ಧರ್ಮಕ್ಕೆ.

2017ರ ಆರಂಭದಲ್ಲಿ ಅಬುಧಾಬಿಯಲ್ಲಿ ಕೆಲಸಕ್ಕಿದ್ದ ಮಗಳು ಸಫೀನಾ, ಉಮ್ಮನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕೆಂದು ಬಾಪಾನ ಬಳಿ ಹಟ ಹಿಡಿದು ಇಬ್ಬರ ಟಿಕೆಟಿಗೂ ದುಡ್ಡು ಕೊಟ್ಟೇಬಿಟ್ಟಳು. ಎಲ್ಲಿಗೆ ಎಂದು ಉಮ್ಮನನ್ನು ಕೇಳಿದಳು. ಬೀಬಿ ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟು ಹೇಳಿದ ಮಾತಿದು:

"ಯಾವ ಊರಾದ್ರೂ ಆಗ್ತದೆ. ನಾಲ್ಕು ದಿವಸ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂತಿರ್ಬೇಕು, ಯಾರಾದ್ರೂ ಚಾ ತಂದು ನನ್ನ ಮುಂದೆ ಇಡ್ಬೇಕು. ಅಷ್ಟೇ. ಅರಮನೆ ಗಿರಮನೆ ನೀವು ನೋಡಿ."

ಮೊಯ್ದಿನಬ್ಬ ಎದೆ ತಟ್ಟಿಕೊಂಡು ಒಪ್ಪಿದ. ಚಾ ತಂದಿಡುವ ಹೋಟೆಲು ಗೊತ್ತಿದ್ದವನು ಅವನಲ್ಲದೆ ಮತ್ಯಾರು? ಹೋಟೆಲ್ ರೋಸಾಲಿಯಾ, ಆರನೆಯ ಕೋಣೆ, ಬೆಳಗಿನ ತಿಂಡಿ ಸಹಿತ, ನಾಲ್ಕು ರಾತ್ರಿ. ಜೀವನದಲ್ಲಿ ಮೊದಲ ಬಾರಿಗೆ ನಿಜವಾಗಿ ಮಲಗಲಿಕ್ಕಾಗಿ ಬುಕ್ ಮಾಡಿದ. ಏಪ್ರಿಲ್ ತಿಂಗಳು, ಈಸ್ಟರ್ ಹಬ್ಬದ ವಾರ. ಊರು ತುಂಬಿರುತ್ತದೆ, ಮೊದಲೇ ಹಿಡಿದದ್ದು ಒಳ್ಳೆಯದಾಯಿತು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಬೀಬಿಯಂತೂ ವಾರಕ್ಕೆರಡು ಸಲ ವಿಚಾರಿಸುತ್ತಿದ್ದಳು, ಚಾ ಕಪ್ಪಿನಲ್ಲಿ ಕೊಡುತ್ತಾರೋ ಗ್ಲಾಸಿನಲ್ಲೋ ಎಂದು.

ಮಾರ್ಚ್ ಒಂಬತ್ತಕ್ಕೆ ಪಾಸ್‌ಪೋರ್ಟುಗಳು ವಾಪಸು ಬಂದವು. ಗಿರಾಕಿಗಳದ್ದು ಹದಿಮೂರು ಬುಕಿಂಗ್, ಅವರ ಜೊತೆ ಇವರದ್ದೊಂದು. ಎಲ್ಲರಿಗೂ ವೀಸಾ ಸಿಕ್ಕಿತ್ತು. ಮೊಯ್ದಿನಬ್ಬ ಮನೆಗೆ ಫೋನು ಮಾಡಿ ಸುದ್ದಿ ಹೇಳಿದ, ಮೇಜಿನವರಿಗೆಲ್ಲ ಕರಕ್ ಚಾ ತರಿಸಿದ, ಆಮೇಲೆ ಎಂದಿನಂತೆ ಕಂಪ್ಯೂಟರಿನ ಮುಂದೆ ಕೂತ. ಬುಕಿಂಗ್ ನಂಬರು ಹಾಕು, ರದ್ದು ಒತ್ತು, ಜ್ವರ ಬರೆ, ಕಳಿಸು. ಮುಂದಿನದು. ತುಟಿಯಲ್ಲಿ ಚಾ, ಕಿವಿಯಲ್ಲಿ ಫೋನು, ಕೈ ತನ್ನ ಪಾಡಿಗೆ ತಾನು. ಹತ್ತೇ ನಿಮಿಷದಲ್ಲಿ ಕೆಲಸ ಖಲಾಸ್. ಗಿರಾಕಿಗಳದ್ದು ಹದಿಮೂರು ಇತ್ತು. ಹೋದ ರಜೆ ಅರ್ಜಿ ಹದಿನಾಲ್ಕು. ತನ್ನ ಕೋಣೆಯನ್ನು ತಾನೇ, ತನ್ನದೇ ಕೈಯಾರೆ ರದ್ದು ಮಾಡಿ, ತನಗೆ ಜ್ವರವೆಂದು ಬರೆದು ಕಳಿಸಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಬುಕಿಂಗ್ ಕಾಗದ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು.

ಹೊರಡುವ ಮೊದಲಿನ ಶುಕ್ರವಾರ ಧರ್ಮಪಾಲ ಡಿಸ್ಕವರಿ ಗಾರ್ಡನ್ಸಿನಿಂದ ಒಂದು ಕಂದು ಬಣ್ಣದ ಕೋಟು ಹೊತ್ತು ತಂದ. ಮರಳುಗಾಡಿನಲ್ಲಿ ಚಳಿಯ ಕೋಟು ಕೊಳ್ಳುವವರಾರು? ಆ ಒಂದೇ ಕೋಟು ಪರಿಚಿತರ ನಡುವೆ ಕೈಯಿಂದ ಕೈಗೆ ಹೋಗಿ, ಬೇರೆ ಬೇರೆ ಹೆಗಲುಗಳ ಮೇಲೆ ಕೂತು ಯುರೋಪನ್ನು ಹನ್ನೊಂದು ಸಲ ನೋಡಿತ್ತು. ಪ್ರತಿ ವರ್ಷ ಹೋಗುವ ಮೊಯ್ದಿನಾಕನಿಗೆ ಸ್ವಂತ ಕೋಟು ಯಾಕಿಲ್ಲ ಎಂದು ಧರ್ಮಪಾಲನಿಗೆ ಒಂದು ಕ್ಷಣ ಅನುಮಾನ ಬಂತು. ಮೊಯ್ದಿನಬ್ಬ ಕೋಟಿನ ಗುಂಡಿ ಪರೀಕ್ಷಿಸುವುದರಲ್ಲಿ ಮಗ್ನನಾದ. ಬೀಬಿ ಒಳಗಿನಿಂದ, ಊರಿಗೆ ಬಿಟ್ಟರೆ ಇವರು ಶಾರ್ಜಾ ದಾಟಿ ಹೋದದ್ದು ನಾನಂತೂ ಕಂಡಿಲ್ಲ ಎಂದು ಸತ್ಯ ಹೇಳಿಬಿಟ್ಟಳು. ಧರ್ಮಪಾಲ ಅದನ್ನು ತಮಾಷೆಯೆಂದುಕೊಂಡು ನಕ್ಕ. ಬೀಬಿ ಈ ಸಲ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಇಟ್ಟಿರಲಿಲ್ಲ, ಚಾ ಪುಡಿ ಇಟ್ಟಿರಲಿಲ್ಲ, ಚಮಚ ಕೂಡ ಇಟ್ಟಿರಲಿಲ್ಲ. ಬಟ್ಟೆ ಮತ್ತು ಒಂದು ಪ್ಲಾಸ್ಟಿಕ್ ಮಗ್ಗು, ಅಷ್ಟೇ.

ವಿಯೆನ್ನಾದಲ್ಲಿ ವಿಮಾನ ಇಳಿದಾಗ ಹಗಲು ಹನ್ನೆರಡೂವರೆ. ಏರ್‌ಪೋರ್ಟಿನಿಂದ ಬಸ್ಸು, ಬಸ್ಸಿನಿಂದ ಟ್ರಾಮು. ಮೊಯ್ದಿನಬ್ಬನಿಗೆ ದಾರಿ ಕೇಳಬೇಕಾಗಲಿಲ್ಲ. ಇಗೋ ಇಲ್ಲಿ ಔಷಧಿ ಅಂಗಡಿ ಬರಬೇಕು ಎನ್ನುತ್ತಿದ್ದ, ಬರುತ್ತಿತ್ತು. ಮೂಲೆಯಲ್ಲಿ ಹಸಿರು ಬಾಗಿಲು ಎನ್ನುತ್ತಿದ್ದ, ಹಸಿರು ಬಾಗಿಲೇ. ಕಾಗದದ ಊರು ಒಂದೊಂದಾಗಿ ಕಲ್ಲಿನ ಊರಾಗುವುದನ್ನು ಕಂಡು ಅವನಿಗೆ ರೋಮಾಂಚನ. ಲಿಫ್ಟಿನಲ್ಲಿ ನಿಜವಾಗಿಯೂ ಇಬ್ಬರೇ ಹಿಡಿಸಿದರು. ಪೆಟ್ಟಿಗೆಗಳು ಎರಡನೆಯ ಟ್ರಿಪ್ಪಿನಲ್ಲಿ ಬಂದವು. ಬೀಬಿ ಮೊದಲ ಬಾರಿಗೆ ಗಂಡನನ್ನು ಸ್ವಲ್ಪ ಗೌರವದಿಂದ ನೋಡಿದಳು.

ಆ ಗೌರವಕ್ಕೆ ಆಯಸ್ಸು ಆರು ನಿಮಿಷ.

ಬಾಗಿಲು ತೆರೆದವಳು ಎಪ್ಪತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ಹಾಕಿಕೊಂಡಿದ್ದಳು. ಹೋಟೆಲಿನ ಒಡತಿ ಎಲ್ಸಿ, ಫೋನು ಎತ್ತುತ್ತಿದ್ದವಳು ಅವಳೇ. ಮೊಯ್ದಿನಬ್ಬ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟ, ಪಾಸ್‌ಪೋರ್ಟ್ ಇಟ್ಟ. ಎಲ್ಸಿ ಪಾಸ್‌ಪೋರ್ಟಿನ ಹೆಸರು ಓದಿದಳು. ಕನ್ನಡಕ ಏರಿಸಿ ಮತ್ತೊಮ್ಮೆ ಓದಿದಳು. ಅವನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು:

"ನಿಮ್ಮ ಜ್ವರ ಈಗ ಹೇಗಿದೆ?"

ಮೊಯ್ದಿನಬ್ಬನಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಸಿ ಮೇಜಿನ ಕೆಳಗಿನಿಂದ ಒಂದು ದಪ್ಪ ಫೈಲು ಎತ್ತಿ ಮುಂದಿಟ್ಟಳು. ಅದರ ತುಂಬ ಅವನ ಅರ್ಜಿಗಳು, ಒಂದೊಂದನ್ನೂ ಪ್ರಿಂಟು ತೆಗೆದು ತೂತು ಮಾಡಿ ಸೇರಿಸಿದ್ದಳು. ಆರು ವರ್ಷಗಳ ಜ್ವರ. ಮೊದಲೆರಡು ವರ್ಷ ತನಗೆ ಸಿಟ್ಟು ಬರುತ್ತಿತ್ತು ಎಂದಳು. ಕೆಲವು ಸಲ ಕೋಣೆ ಬೇರೆಯವರಿಗೆ ಕೊಡಲಾಗದೆ ಖಾಲಿ ಬಿದ್ದದ್ದೂ ಇದೆ. ಆಮೇಲೆ ಸಿಟ್ಟು ಹೋಗಿ ಗಾಬರಿಯಾಯಿತಂತೆ. ಇಷ್ಟು ಜ್ವರ ಬರುವ ಮನುಷ್ಯ ಡಾಕ್ಟರಿಗೆ ತೋರಿಸಬಾರದೇ ಎಂದು ಅಡುಗೆಮನೆಯ ತೆರೆಸಾ ಕೂಡ ಮರುಗುತ್ತಿದ್ದಳಂತೆ. ಜ್ವರಕ್ಕೆ ಕುಡಿಯುವ ಹೂವಿನ ಕಷಾಯದ ವಿಧಾನವನ್ನು ಎಲ್ಸಿ ಮೂರು ಸಲ ಬರೆದು ಕಳಿಸಿದ್ದಳು. ಬಾತ್‌ರೂಮಿನಲ್ಲಿ ಒಂದು ಬಕೆಟ್ ಇಟ್ಟರೆ ಉಪಕಾರ ಎಂದು ಅವನು ಪ್ರತಿ ಬುಕಿಂಗಿನಲ್ಲೂ ಬರೆಯುತ್ತಿದ್ದ, ಅದಕ್ಕಾಗಿ ಒಂದು ಕೆಂಪು ಬಕೆಟ್ ಕೂಡ ಕೊಂಡಿದ್ದಳು. ಆರು ವರ್ಷದಲ್ಲಿ ಅದು ನೆಲ ಒರೆಸಲಿಕ್ಕೆ ಮಾತ್ರ ಬಂತು.

ಫೈಲಿನ ಮೇಲ್ಗಡೆ ಇದ್ದದ್ದು ಮಾರ್ಚ್ ಒಂಬತ್ತರ ಅರ್ಜಿ. ಆರನೆಯ ಕೋಣೆ, ಮೊಯ್ದಿನಬ್ಬ ಮತ್ತು ಬೀಬಿ, ಹಾಜರಾಗಲು ಸಾಧ್ಯವಾಗುವುದಿಲ್ಲ. ಮರುದಿನವೇ ಆ ಕೋಣೆಯನ್ನು ಸ್ಪೇನಿನ ದಂಪತಿಗೆ ಕೊಟ್ಟಾಗಿತ್ತು.

ಬೀಬಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಗಂಡನ ಮುಖದ ಬಣ್ಣ ಓದಲು ಇಂಗ್ಲಿಷು ಬೇಡ. ಏನಾಯಿತೆಂದು ಕೇಳಿದಳು. ಅವನು ಹೇಳಿದ. ಅವಳು ಪೆಟ್ಟಿಗೆಯ ಮೇಲೆ ಕೂತಳು.

"ನಿಮ್ಗೆ ಜ್ವರ ಬಂದದ್ದು ಯಾವಾಗ?"

"ಬರ್ಲಿಲ್ಲ. ಅದು ಬರೆಯುವ ಕ್ರಮ, ಬೀಬಿ."

"ಮೂವತ್ತೊಂದು ವರ್ಷದಲ್ಲಿ ನನ್ಗೆ ನಾಲ್ಕು ದಿವಸ ರಜೆ ಸಿಕ್ಕಿತ್ತು. ಅದಕ್ಕೂ ನೀವೇ ರಜೆ ಬರೆದು ಕಳ್ಸಿದ್ರಿ."

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಮೊಯ್ದಿನಬ್ಬ ಸುಧಾರಿಸಿಕೊಳ್ಳುತ್ತಿದ್ದ, ಅಭ್ಯಾಸವಿತ್ತು. ಎಲ್ಸಿಯ ಕಡೆ ತಿರುಗಿ, ನಮ್ಮ ಶಾಲೆಯಲ್ಲಿ ರಜೆಗೆ ಜ್ವರವೇ ಕಾರಣ, ಬೇರೆ ಕಾರಣ ಬರೆದರೆ ಮೇಷ್ಟ್ರು ನಂಬುತ್ತಿರಲಿಲ್ಲ ಎಂದು ವಿವರಿಸಿದ. ವೀಸಾದ ಪದ್ಧತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಿ ತಲೆ ತಗ್ಗಿಸಿ ನಿಂತ. ತಾನು ಯಾರಿಗೂ ಮೋಸ ಮಾಡದವನೆಂದು ಮೂರನೆಯ ಮೇಜಿನ ಹಿಂದೆ ಕೂತು ನಂಬಿದ್ದವನಿಗೆ, ಖಾಲಿ ಬಿದ್ದ ಕೋಣೆಗಳ ಬಾಗಿಲು ಈಗ ಸಾಲಾಗಿ ಕಣ್ಣೆದುರಿಗಿತ್ತು.

ಎಲ್ಸಿ ಅವನನ್ನು ಬಯ್ಯಲಿಲ್ಲ. ಕಾಯಿಲೆ ಇಲ್ಲವಲ್ಲ, ಅದೇ ಸಮಾಧಾನ ಎಂದಳು. ನಾಲ್ಕು ಕಡೆ ಫೋನು ಮಾಡಿದಳು. ಮೂರು ಹೋಟೆಲು ಭರ್ತಿ. ನಾಲ್ಕನೆಯದರಲ್ಲಿ ಕೋಣೆ ಇತ್ತು, ಅದರ ದರ ಕೇಳಿ ಮೊಯ್ದಿನಬ್ಬನಿಗೆ ನಿಜವಾಗಿಯೂ ಮೈ ಬೆಚ್ಚಗಾಯಿತು. ಸಫೀನಾಗೆ ಫೋನು ಮಾಡಿದ. ಅವಳು ಒಂದು ನಿಮಿಷ ನಕ್ಕು, ಒಂದು ನಿಮಿಷ ಬಯ್ದು, "ಬಾಪಾ, ಯೂ ಫಿಕ್ಸ್ ಇಟ್" ಎಂದು ಇಟ್ಟುಬಿಟ್ಟಳು.

ಕೊನೆಗೆ ಎಲ್ಸಿ ಒಂದು ಮಾತು ಹೇಳಿದಳು. ಅಡುಗೆಮನೆಯ ಹಿಂದೆ ತೆರೆಸಾಳ ಕೋಣೆ ಇದೆ. ಸಣ್ಣದು, ಆದರೆ ಚೊಕ್ಕ. ತೆರೆಸಾ ಹಬ್ಬಕ್ಕೆಂದು ಊರಿಗೆ ಹೋಗಿದ್ದಾಳೆ, ಬರುವುದು ಮುಂದಿನ ವಾರ. ಕೋಣೆ ಕೊಡಬಹುದು. ಆದರೆ ತೆರೆಸಾ ಇಲ್ಲದೆ ಬೆಳಗ್ಗೆ ಇಪ್ಪತ್ತೆರಡು ಜನರಿಗೆ ತಿಂಡಿ ಕೊಡುವುದು ತನ್ನೊಬ್ಬಳಿಂದ ಆಗದು, ಮೊಣಕಾಲು ನೋವು. ಹೇಳಿ ಬೀಬಿಯ ಕಡೆ ನೋಡಿದಳು. ಈ ಅಮ್ಮ ಬೆಳಗ್ಗೆ ಎರಡು ಗಂಟೆ ಹೊತ್ತು ಕೈ ಜೋಡಿಸಿದರೆ, ಕೋಣೆ ನಿಮ್ಮದು.

ಮೊಯ್ದಿನಬ್ಬ ಅದನ್ನು ಹೆಂಡತಿಗೆ ತಿಳಿಸಿದ. ತಿಳಿಸಿ ಮುಗಿಸುವಷ್ಟರಲ್ಲಿ ಬೀಬಿ ಪೆಟ್ಟಿಗೆಯಿಂದ ಎದ್ದು, ತೋಳು ಮೇಲೆ ಸರಿಸಿ, ಅಡುಗೆಮನೆ ಎಲ್ಲಿದೆಯೆಂದು ಕಣ್ಣಿನಲ್ಲೇ ಹುಡುಕುತ್ತಿದ್ದಳು.

"ಎಷ್ಟು ಜನಕ್ಕೆ ಅಂತ ಹೇಳಿದ್ರು?"

ಗೊಣಗಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಬರ್ ದುಬೈಯ ಹಾಲಿನಲ್ಲಿ ಹೊಸಬನೊಬ್ಬ ಬಂದು ಚೀಲ ಇಳಿಸಿದಾಗ ಕೇಳುತ್ತಿದ್ದ ಅದೇ ದನಿ. ಮೊಯ್ದಿನಬ್ಬ ಆ ದನಿಯನ್ನು ಇಪ್ಪತ್ತೈದು ವರ್ಷ ಕೇಳಿದ್ದ. ಅವತ್ತು ಮಾತ್ರ ಅದು ಎದೆಗೆ ಗುದ್ದಿದ ಹಾಗಾಯಿತು.

"ಅವಳಲ್ಲ," ಎಂದ ಎಲ್ಸಿಗೆ. "ಅವಳು ಗೆಸ್ಟ್. ಕೆಲಸ ನಾನು ಮಾಡ್ತೇನೆ."

ಬೀಬಿಗೆ 'ಗೆಸ್ಟ್' ಎಂಬ ಪದ ಗೊತ್ತಿತ್ತು. ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಿಮ್ಗೆ ನೀರು ಬಿಸಿ ಮಾಡ್ಲಿಕ್ಕೆ ಗೊತ್ತುಂಟಾ?"

"ಕಲೀತೇನೆ."

"ಇಪ್ಪತ್ತೆರಡು ಜನ ಪಾಪ," ಎಂದಳು ಬೀಬಿ, ಮತ್ತೆ ಪೆಟ್ಟಿಗೆಯ ಮೇಲೆ ಕೂತು.

ತೆರೆಸಾಳ ಕೋಣೆಯಲ್ಲಿ ಒಂದು ಮಂಚ, ಎಲ್ಸಿ ತಂದು ಹಾಕಿದ ಒಂದು ಮಡಚುವ ಮಂಚ, ಗೋಡೆಯಲ್ಲಿ ತೆರೆಸಾಳ ಮೊಮ್ಮಕ್ಕಳ ಫೋಟೊ. ನಮಾಜಿನ ದಿಕ್ಕು ತೋರಿಸುವ ಬಾಣದ ಗುರುತಿಗಾಗಿ ಮೊಯ್ದಿನಬ್ಬ ಅಭ್ಯಾಸಬಲದಿಂದ ತಲೆಯೆತ್ತಿ ಮಾಡಿನ ಕಡೆ ನೋಡಿದ. ದುಬೈಯ ಹೋಟೆಲುಗಳ ಮಾಡಿನಲ್ಲಿ ಅಂಟಿಸಿರುತ್ತಾರೆ ಎಂದು ಅವನು ಬಲ್ಲ. ಇಲ್ಲಿ ಒಂದು ಜೇಡ ಇತ್ತು. ಫೋನಿನಲ್ಲಿ ದಿಕ್ಕು ಹುಡುಕಿ ನಮಾಜು ಮಾಡಿ ಮಲಗಿದ.

ಮೊದಲ ದಿನ ಬೆಳಗ್ಗೆ ಆರಕ್ಕೆ ಎಲ್ಸಿ ಅವನಿಗೆ ಬಿಳಿ ಏಪ್ರನ್ ಕಟ್ಟಿದಳು. ಕೆಲಸ ಹಂಚಿಕೆಯಾಯಿತು: ಹಂದಿ ಮಾಂಸದ ತಟ್ಟೆ ಎಲ್ಸಿಯದು, ಅದರ ಚಿಮಟವೂ ಅವಳದ್ದೇ, ಉಳಿದ ಬ್ರೆಡ್ಡು, ಬೆಣ್ಣೆ, ಚೀಸು, ಮೊಟ್ಟೆ, ಕಾಫಿ, ಚಾ ಮೊಯ್ದಿನಬ್ಬನದು. ಮೊಟ್ಟೆ ಬೇಯಿಸುವುದರಲ್ಲಿ ಇಷ್ಟೊಂದು ವಿದ್ಯೆ ಇದೆಯೆಂದು ಅವನಿಗೆ ತಿಳಿದಿರಲಿಲ್ಲ. ಒಬ್ಬರಿಗೆ ನಾಲ್ಕು ನಿಮಿಷದ್ದು ಬೇಕು, ಇನ್ನೊಬ್ಬರಿಗೆ ಏಳು ನಿಮಿಷದ್ದು. ಅವನ ಮೊಟ್ಟೆಗಳು ಎರಡೇ ಜಾತಿ: ಒಡೆದರೆ ಚೆಲ್ಲುವುದು, ಎಸೆದರೆ ಪುಟಿಯುವುದು. ಜರ್ಮನಿಯ ಮುದುಕರೊಬ್ಬರು ಮೊಟ್ಟೆಯ ತಲೆಗೆ ಚಮಚದಿಂದ ಬಡಿದರು, ಸಿಪ್ಪೆ ಒಡೆಯಿತು, ಒಳಗಿನದು ಅಲ್ಲಾಡಲಿಲ್ಲ, ಗೌರವದಿಂದ ಬದಿಗಿಟ್ಟರು.

ಏಳೂವರೆಗೆ ಬೀಬಿ ಬಂದಳು. ಮಗಳ ನಿಶ್ಚಿತಾರ್ಥಕ್ಕೆ ಹೊಲಿಸಿದ ಹಸಿರು ಚೂಡಿದಾರ, ಇಸ್ತ್ರಿ ಹಾಕಿದ ತಲೆವಸ್ತ್ರ. ಕಿಟಕಿಯ ಪಕ್ಕದ ಮೇಜನ್ನು ಆರಿಸಿ ಕೂತಳು. ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಅವುಗಳಿಗೆ ಕೆಲಸವಿಲ್ಲದ್ದು ಕಂಡು ಮಡಿಲಿಗೆ ಇಳಿಸಿದಳು. ಮೊಯ್ದಿನಬ್ಬ ಚಾ ತಂದಿಟ್ಟ. ತಣ್ಣಗಿನ ಹಾಲಿಗೆ ಚಾ ಪುಡಿಯ ಚೀಲ ಇಳಿಬಿಟ್ಟು, ಅದರ ಮೇಲೆ ಬಿಸಿನೀರು ತೋರಿಸಿ ತಂದದ್ದು. ಬೀಬಿ ಒಂದು ಗುಟುಕು ಕುಡಿದಳು. ಕಿಟಕಿಯ ಹೊರಗೆ ನೋಡಿದಳು. ಇನ್ನೊಂದು ಗುಟುಕು. ಪೂರ್ತಿ ಕುಡಿದು ಮುಗಿಸಿದಳು. ಅವನು ಅಡುಗೆಮನೆಗೆ ಹೋಗಿ ಉಳಿದದ್ದನ್ನು ತಾನು ಕುಡಿದು ನೋಡಿ ಮೋರಿಗೆ ಚೆಲ್ಲಿದ.

ಎರಡನೆಯ ದಿನದ ಚಾವನ್ನು ಅವಳು ವಾಪಸು ಕಳಿಸಿದಳು. ಪಕ್ಕದ ಮೇಜಿನ ಹೆಂಗಸು ಮಾಡಿದಂತೆಯೇ ಕಪ್ಪನ್ನು ಒಂದು ಬೆರಳಿನಿಂದ ಮೇಜಿನ ಅಂಚಿಗೆ ಸರಿಸಿ, ಕಿಟಕಿಯ ಕಡೆ ತಿರುಗಿದಳು. ಒಂದೇ ದಿನದಲ್ಲಿ ಕಲಿತಿದ್ದಳು. ಮೊಯ್ದಿನಬ್ಬ ಎರಡನೆಯ ಸಲ ಮಾಡಿ ತಂದ. ಅದು ನಡೆಯಿತು.

ಆದರೆ ಒಂದು ವಿಷಯದಲ್ಲಿ ಅವನು ತೆರೆಸಾಳನ್ನೂ ಮೀರಿಸಿದ. ಆರನೆಯ ಕೋಣೆಯ ಸ್ಪೇನಿನ ದಂಪತಿ, ಅರಮನೆಗೆ ಹೋಗುವುದು ಹೇಗೆಂದು ಬೆಣ್ಣೆ ತಂದಿಟ್ಟವನನ್ನೇ ಕೇಳಿದರು. ಮೊಯ್ದಿನಬ್ಬ ಟ್ರಾಮಿನ ನಂಬರು, ನಿಲ್ದಾಣ, ಯಾವ ಬಾಗಿಲಿನಿಂದ ಹೋದರೆ ಸಾಲು ಕಡಿಮೆ, ಹೊರಗೆ ಎಲ್ಲಿ ನೀರು ಕುಡಿಯಬಹುದು ಎಂದು ಉಸಿರು ಬಿಡದೆ ಹೇಳಿದ. ಮೂರನೆಯ ದಿನ ತಿಂಡಿಯಾದ ಮೇಲೆ ಅವನ ಸುತ್ತ ಐದು ಜನ ನಕಾಶೆ ಹಿಡಿದು ನಿಂತಿದ್ದರು. ಒಂಬತ್ತನೆಯ ಕೋಣೆಯವರಿಗೆ, ನಿಮ್ಮ ನಲ್ಲಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ಅರ್ಧ ವಾಪಸು ತಂದರೆ ಸೋರುವುದಿಲ್ಲ ಎಂದ. ಅದು ಎಲ್ಸಿಗೇ ಗೊತ್ತಿರಲಿಲ್ಲ. ಈ ಮನುಷ್ಯ ಇಲ್ಲಿ ಎಷ್ಟು ವರ್ಷದಿಂದ ಕೆಲಸಕ್ಕಿದ್ದಾನೆ ಎಂದು ಜರ್ಮನಿಯ ಮುದುಕರು ಅವಳನ್ನು ವಿಚಾರಿಸಿದರು. ಆರು ವರ್ಷ, ಆದರೆ ಹಾಜರಾದದ್ದು ಮೊನ್ನೆ ಎಂದು ಎಲ್ಸಿ ಉತ್ತರ ಕೊಟ್ಟಳು.

ಹನ್ನೊಂದರ ಮೇಲೆ ಗಂಡಹೆಂಡತಿ ಊರು ನೋಡಲು ಹೋಗುತ್ತಿದ್ದರು. ಮೊಯ್ದಿನಬ್ಬ ಏಪ್ರನ್ ಕಳಚಿ, ಧರ್ಮಪಾಲ ತಂದ ಕೋಟಿನೊಳಗೆ ಸೇರಿ, ಎಲ್ಲಿ ಬೆಂಚು ಕಂಡರೂ ಅಲ್ಲಿ ತೂಕಡಿಸುತ್ತಿದ್ದ. ಅರಮನೆಯ ತೋಟವನ್ನು ಬೀಬಿಯೇ ನೋಡಿ ಬಂದು ಅವನನ್ನು ಎಬ್ಬಿಸಿ ವರ್ಣಿಸಿದಳು. ಇಪ್ಪತ್ತೆರಡು ಜನಕ್ಕೆ ಎರಡು ಗಂಟೆ ದುಡಿದರೆ ಕಾಲು ಹೀಗೂ ನೋಯುತ್ತದೆಯೇ ಎಂದು ಅವನು ಕೇಳಿದ. ಬೀಬಿ ಕೈಚೀಲದಿಂದ ಚಾಕಲೇಟು ತೆಗೆದು ಅರ್ಧ ಮುರಿದು ಕೊಟ್ಟಳು. ಸಂಜೆ ಎಲ್ಸಿಯ ಬಳಿ ಮೊಯ್ದಿನಬ್ಬ ತಾನಾಗಿಯೇ ಹೇಳಿದ, ಇನ್ನು ಮುಂದೆ ಅವಳ ಹೋಟೆಲನ್ನು ಮಲಗುವವರಿಗೆ ಮಾತ್ರ ಹಿಡಿಯುತ್ತೇನೆಂದು. ಅದಕ್ಕೆ ಅವಳು, ಹಾಗಾದರೆ ಪತ್ರ ಬರುವುದು ನಿಂತುಹೋಗುತ್ತದಲ್ಲ ಎಂದು ನಿಜವಾಗಿಯೂ ಬೇಸರಪಟ್ಟಳು.

ನಾಲ್ಕನೆಯ ಬೆಳಗು. ಹೊರಡುವ ದಿನ. ಮೊಯ್ದಿನಬ್ಬ ಹಾಲು ಕುದಿಸಿ, ಚಾ ಚೀಲಗಳನ್ನು ಹರಿದು ಪುಡಿ ಹಾಕಿ ಮತ್ತೆ ಕುದಿಸಿ, ಎತ್ತರದಿಂದ ಸುರಿದು ನೊರೆ ಬರಿಸಿ ಚಾ ತಂದಿಟ್ಟ. ಜೊತೆಗೆ ಏಳು ನಿಮಿಷದ ಮೊಟ್ಟೆ, ನಿಜವಾಗಿ ಏಳೇ ನಿಮಿಷದ್ದು. ಬೀಬಿ ನಿಧಾನವಾಗಿ ತಿಂದಳು, ನಿಧಾನವಾಗಿ ಕುಡಿದಳು. ಉಳಿದವರೆಲ್ಲ ಎದ್ದು ಹೋದರೂ ಕೂತಿದ್ದಳು. ಕೊನೆಗೆ ಕೈ ತನ್ನ ಪಾಡಿಗೆ ತಾನು ತಟ್ಟೆಯ ಮೇಲೆ ಕಪ್ಪು ಇಟ್ಟು, ಕಪ್ಪಿನೊಳಗೆ ಚಮಚ ಇಟ್ಟು, ಎಲ್ಲವನ್ನೂ ಎತ್ತಿಕೊಂಡಿತು; ಕಾಲು ಅಡುಗೆಮನೆಯ ಕಡೆಗೆ ಎರಡು ಹೆಜ್ಜೆ ಹಾಕಿತು.

ಮೊಯ್ದಿನಬ್ಬ ಬಾಗಿಲಲ್ಲಿ ಅಡ್ಡ ನಿಂತು ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡ.

ಬೀಬಿ ತನ್ನ ಖಾಲಿ ಕೈ ನೋಡಿಕೊಂಡಳು. ಹಿಂದಿರುಗಿ ಹೋಗಿ, ಅದೇ ಕುರ್ಚಿಯನ್ನು ಎಳೆದು, ತಲೆವಸ್ತ್ರ ಸರಿ ಮಾಡಿಕೊಂಡು ಕೂತಳು.

"ವಿಮಾನಕ್ಕೆ ಇನ್ನೂ ಹೊತ್ತುಂಟಲ್ಲಾ?" ಎಂದಳು. "ಹಾಗಾದ್ರೆ ಇನ್ನೊಂದು ಚಾ ತನ್ನಿ. ಸಕ್ಕರೆ ಸ್ವಲ್ಪ ಕಮ್ಮಿ."